ಗೀಳು ಕಾಯಿಲೆಗೆ ಇಆರ್‌ಪಿ ಮಾಡಿಸಿದವರು ಕೊಡಗಿನಲ್ಲಿ ಯಾರಾದರೂ ಇದ್ದೀರಾ?

ಗೋಣಿಕೊಪ್ಪದ ತಾಯಿ

ಮಗಳಿಗೆ 20 ವರ್ಷ. ಒಸಿಡಿ, ಅಂದರೆ ಗೀಳು ಕಾಯಿಲೆ ಅಂತ ಹೇಳಿದ್ದಾರೆ. ಸ್ನಾನಕ್ಕೆ ಎರಡೂವರೆ ಗಂಟೆ ಬೇಕು. ಬಾವಿಯ ಮೋಟರ್ ದಿನಕ್ಕೆ ಮೂರು ಸಲ ಹಾಕುತ್ತೇವೆ. ಕಾಲೇಜು ಬಿಟ್ಟು ನಾಲ್ಕು ತಿಂಗಳಾಯಿತು. ಮಾತ್ರೆ ಶುರುವಾಗಿ ಆರು ವಾರ. ಈಗ ಡಾಕ್ಟರ್ ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಅನ್ನುವ ಥೆರಪಿ ಮಾಡಿಸಿ ಎನ್ನುತ್ತಿದ್ದಾರೆ. ಹೆದರುವ ವಸ್ತುವನ್ನೇ ಮುಟ್ಟಬೇಕು, ಆಮೇಲೆ ತೊಳೆಯುವ ಹಾಗಿಲ್ಲ ಅಂತೆ. ಇದನ್ನು ಕೇಳಿದ ಮೇಲೆ ಅವಳು ರೂಮಿನಿಂದ ಹೊರಗೇ ಬರುತ್ತಿಲ್ಲ. ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಮೈಸೂರಾ, ಬೆಂಗಳೂರಾ, ಫೋನಿನಲ್ಲೇ ಆಗುತ್ತದಾ? ಖರ್ಚು ಎಷ್ಟು? ನಿಜವಾಗಿ ಕಡಿಮೆ ಆಗುತ್ತದಾ?

ಸಿದ್ದಾಪುರ ಕಡೆಯ ತೋಟದವನು

ಆಗುತ್ತದೆ. ನನಗೆ ಆಗಿದೆ. ಖರ್ಚನ್ನೆಲ್ಲ ತೋಟದ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ, ನೋಡಿಕೊಂಡೇ ಹೇಳುತ್ತೇನೆ.

ನನ್ನದು ಔಷಧಿಯ ಭಯ. ಕಾಫಿಗೆ ಹೊಡೆಯುವ ಔಷಧಿ ನನ್ನ ಕೈಯಲ್ಲಿ ಉಳಿದುಬಿಟ್ಟಿದೆ, ಅದು ಮಗನ ಹೊಟ್ಟೆಗೆ ಹೋಗುತ್ತದೆ ಅಂತ. ಶೆಡ್ ಕಡೆಯಿಂದ ಗಾಳಿ ಬೀಸಿದರೂ ಬಟ್ಟೆ ಬದಲಾಯಿಸುತ್ತಿದ್ದೆ. ಕೊಯ್ಲಿನ ಕಾಲದಲ್ಲಿ ಕೆಲಸದವರ ಕೈಯಿಂದ ಚೀಲ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ತೂಕ ಹಾಕಲು ಭಾವನನ್ನು ಕರೆಸುತ್ತಿದ್ದೆ. ಎರಡು ವರ್ಷ ಹಾಗೇ ನಡೆಯಿತು. ಒಂದು ವರ್ಷವಂತೂ ಕೆಳಗಿನ ತುಂಡಿನ ಹಣ್ಣು ಗಿಡದಲ್ಲೇ ಒಣಗಿ ಉದುರಿತು.

ಬೆಂಗಳೂರಿಗೆ 16 ವಾರ ಹೋದೆ. ಒಂದು ಸೆಷನ್‌ಗೆ 1,800, ಒಟ್ಟು 28,800. ಬಸ್ಸಿಗೆ ಹೋಗಿ ಬರಲು 1,100, ಒಟ್ಟು 17,600. ಲಾಡ್ಜ್ ಮೊದಲ ಮೂರು ವಾರ 1,400ರದ್ದು. ಬಾತ್‌ರೂಮ್ ಚೆನ್ನಾಗಿದೆ ಅಂತ ಅದನ್ನೇ ಹಿಡಿದಿದ್ದೆ. ಥೆರಪಿಸ್ಟ್ ಅದನ್ನೂ ಕೇಳಿ ತಿಳಿದುಕೊಂಡರು, ನಾಲ್ಕನೇ ವಾರದಿಂದ 900ರ ಸಾಧಾರಣ ಲಾಡ್ಜ್‌ಗೆ ಕಳಿಸಿದರು. ಅದೂ ಚಿಕಿತ್ಸೆಯೇ. ಲಾಡ್ಜ್‌ಗೆ ಒಟ್ಟು 15,900. ಎಲ್ಲ ಸೇರಿ 62,300. ಮಾತ್ರೆ ಬೇರೆ.

ಮೊದಲ ಎರಡು ವಾರ ಏನನ್ನೂ ಮುಟ್ಟಿಸಲಿಲ್ಲ. ಭಯಕ್ಕೆ 0ರಿಂದ 100ರವರೆಗೆ ನಂಬರ್ ಕೊಟ್ಟು ಪಟ್ಟಿ ಮಾಡಿಸಿದರು. ಶೆಡ್ಡಿನ ಬೀಗಕ್ಕೆ 55. ಔಷಧಿ ಅಂಗಡಿಯೊಳಗೆ ನಿಲ್ಲುವುದಕ್ಕೆ 70. ಬೀಗ ಮುಟ್ಟಿದ ಕೈಯಲ್ಲಿ ಊಟ ಮಾಡುವುದಕ್ಕೆ 90. ಔಷಧಿ ಹೊಡೆಯುವ ದಿನ ಗ್ಲೌಸ್ ಹಾಕುವುದನ್ನು, ಕೆಲಸ ಮುಗಿದ ಮೇಲೆ ಒಂದು ಸಲ ಸೋಪಿನಲ್ಲಿ ತೊಳೆಯುವುದನ್ನು ಬಿಡಿಸಲಿಲ್ಲ. ಎಲ್ಲರೂ ಮಾಡುವಷ್ಟು ಮಾಡಿ, ಅದಕ್ಕಿಂತ ಜಾಸ್ತಿ ಬೇಡ ಅಂದರು.

90ರ ದಿನ ಇನ್ನೂ ನೆನಪಿದೆ. ಬೀಗ ಹಿಡಿದುಕೊಂಡೆ. ತುಕ್ಕು ಬೆರಳಿಗೆ ಹತ್ತಿತು. ಅದೇ ಕೈಯಲ್ಲಿ ಅಕ್ಕಿ ರೊಟ್ಟಿ ಮುರಿದೆ. ಗಂಟಲಲ್ಲಿ ಇಳಿಯಲಿಲ್ಲ. ಗಡಿಯಾರ 7.10. ನಂಬರ್ 90. 7.40ಕ್ಕೂ 90. ಎಂಟೂ ಕಾಲಿಗೆ ಮಗ ಬಂದು ತೊಡೆಯ ಮೇಲೆ ಕೂತ. ಅವನ ಕೆನ್ನೆ ಮುಟ್ಟಬೇಕಿತ್ತು, ಅದೂ ಹೋಮ್‌ವರ್ಕ್. ಮುಟ್ಟಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಒಂಬತ್ತೂವರೆಗೆ 40ಕ್ಕೆ ಇಳಿಯಿತು. ಕೈ ತೊಳೆಯದೆ ಮಲಗಿದೆ.

ಗೀಳು ಎಷ್ಟಿದೆ ಅಂತ ಅಳೆಯುವ ವೈಬಾಕ್ಸ್ ಸ್ಕೋರ್ 40ಕ್ಕೆ 31 ಇದ್ದದ್ದು 13ಕ್ಕೆ ಬಂತು. ಮುಂದಿನ ಮಳೆಗಾಲದಲ್ಲಿ ಮನೆಯ ನಾಯಿ ಸತ್ತಿತು. ಔಷಧಿಯಿಂದಲೇ ಸತ್ತಿತು ಅಂತ ತಲೆಗೆ ಹೊಕ್ಕು ಮತ್ತೆ 22ಕ್ಕೆ ಏರಿತು. ಇನ್ನೂ ಮೂರು ಸೆಷನ್, 5,400. ಈಗ 11. ಎದುರು ಕೂತು ಮಾಡಿಸಿದ್ದರಿಂದ ಇಷ್ಟಾಯಿತು. ಫೋನಿನಲ್ಲಿ ಮಾಡಿಸುವುದು ದುಡ್ಡು ದಂಡ.

ಮಡಿಕೇರಿಯಿಂದ

ಸಿದ್ದಾಪುರದವರೇ, ದುಡ್ಡು ದಂಡ ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ? ನಾನು 22 ಸೆಷನ್ ಪೂರ್ತಿ ವಿಡಿಯೋ ಕಾಲ್‌ನಲ್ಲೇ ಮಾಡಿದ್ದೇನೆ.

ನನ್ನದು ಚೆಕ್ ಮಾಡುವ ಗೀಳು. ಗ್ಯಾಸ್, ಇಸ್ತ್ರಿ ಪೆಟ್ಟಿಗೆ, ಬಾಗಿಲ ಬೀಗ. ಫೋನಿನಲ್ಲಿ ಗ್ಯಾಸ್ ಒಲೆಯ ಗುಂಡಿಯ ಫೋಟೋಗಳೇ 2,300 ಇದ್ದವು. ಆಫೀಸಿನಲ್ಲಿ ಕೂತು ಅವನ್ನು ನೋಡುತ್ತಿದ್ದೆ. ತಡವಾಗಿ ಹೋಗಿ ಹೋಗಿ ಎರಡು ಸಲ ನೋಟಿಸ್ ಬಂತು. ಬೆಂಗಳೂರಿನ ಕ್ಲಿನಿಕ್‌ನಲ್ಲಿ ಕೂತರೆ ನನಗೆ ರೋಗವೇ ಏಳುವುದಿಲ್ಲ. ಅಲ್ಲಿಯ ಬೀಗ ನನ್ನದಲ್ಲ, ಅಲ್ಲಿಯ ಗ್ಯಾಸ್ ನನ್ನದಲ್ಲ. ರೋಗ ಇರುವುದು ನನ್ನ ಮನೆಯ ಬಾಗಿಲಲ್ಲಿ. ವಿಡಿಯೋ ಇದ್ದದ್ದಕ್ಕೇ ಥೆರಪಿಸ್ಟ್ ಆ ಬಾಗಿಲಿಗೆ ಬರಲು ಆಯಿತು.

ಫೋಟೋಗಳನ್ನು ಐವತ್ತೈವತ್ತು ಅಳಿಸಿಸಿದರು. ಆಮೇಲೆ ಬೀಗ. ಒಂದೇ ಸಲ ಹಾಕಬೇಕು, ಎಳೆದು ನೋಡಬಾರದು, ರಸ್ತೆಯ ತಿರುವಿನ ತನಕ ಹಿಂತಿರುಗಿ ನೋಡದೆ ನಡೆಯಬೇಕು. ಮನೆಯಿಂದ ತಿರುವಿಗೆ 140 ಹೆಜ್ಜೆ. ಜುಲೈ ತಿಂಗಳು, ಹುಯ್ಯೋ ಮಳೆ. ಒಂದು ಕೈಯಲ್ಲಿ ಕೊಡೆ, ಪ್ಲಾಸ್ಟಿಕ್ ಕವರಿನಲ್ಲಿ ಫೋನ್, ಕಿವಿಯಲ್ಲಿ ಅವರ ಧ್ವನಿ. "ಬೀಗ ಬಿದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಹೋಗುತ್ತೇನೆ ಅಂತ ಜೋರಾಗಿ ಹೇಳಿ" ಅಂದರು. ಹೇಳಿದೆ. ತೊಂಬತ್ತನೇ ಹೆಜ್ಜೆಗೆ ನೆಟ್‌ವರ್ಕ್ ಹೋಯಿತು. ಆ ಮಳೆಯಲ್ಲಿ ನಾನೊಬ್ಬಳೇ. ಕಾಲಿಗೆ ಜಿಗಣೆ ಹತ್ತಿದ್ದೂ ಗೊತ್ತಾಗಲಿಲ್ಲ. ಮನೆ ಕಡೆ ತಿರುಗಲಿಲ್ಲ. ಆಫೀಸಿಗೆ ಹೋಗಿ ನೋಡಿದರೆ ಸಾಕ್ಸ್ ತುಂಬಾ ರಕ್ತ.

1,200ರಂತೆ 26,400 ಆಯಿತು. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಮೂರು ಸೆಷನ್‌ಗೂ ಪೂರ್ತಿ ದುಡ್ಡು ತೆಗೆದುಕೊಂಡರು. ಈಗಲೂ ಅದಕ್ಕೆ ಬೇಜಾರಿದೆ. ಅದರ ದೆಸೆಯಿಂದ ಇನ್ವರ್ಟರ್ ಹಾಕಿಸಿದೆ, 14,500. ಈಗ ಬೀಗ ಒಂದೇ ಸಲ. ಇಸ್ತ್ರಿ ಪೆಟ್ಟಿಗೆ ಮಾತ್ರ ಇನ್ನೂ ಎರಡು ಸಲ ನೋಡುತ್ತೇನೆ.

ಸೋಮವಾರಪೇಟೆ

ಎಲ್ಲರೂ ಗೆದ್ದ ಕಥೆಯನ್ನೇ ಹೇಳುತ್ತಿದ್ದೀರಿ. ಸೋತವನ ಕಥೆಯನ್ನೂ ಆ ತಾಯಿ ಕೇಳಲಿ.

ನನಗೂ ತೊಳೆಯುವ ಗೀಳು. ಒಂದು ಕಡೆ ಹೋದೆ, ಊರು ಹೇಳುವುದಿಲ್ಲ. ಹದಿನೈದು ದಿನದಲ್ಲಿ ಗುಣ ಅಂದರು. ಐದು ಸೆಷನ್‌ಗೆ ಮುಂಗಡ 12,500 ಕಟ್ಟಿಸಿಕೊಂಡರು. ಪಟ್ಟಿ ಇಲ್ಲ, ನಂಬರ್ ಇಲ್ಲ, ಮಾತುಕತೆ ಇಲ್ಲ. ಮೊದಲ ದಿನವೇ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ ಕಮೋಡಿನ ಅಂಚಿನ ಮೇಲೆ ಕೈ ಇಡಿ ಅಂದರು. ನಾನು ಬೇಡ ಅಂದೆ. ಮಣಿಕಟ್ಟು ಹಿಡಿದು ಇಡಿಸಿದರು. ಅಲ್ಲೇ ವಾಂತಿ ಮಾಡಿಕೊಂಡೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಸಂಜೆ ತನಕ ಕೈ ತೊಳೆದೆ. ಕೊನೇ ಬಸ್ಸು ತಪ್ಪಿತು.

ಆಮೇಲೆ ಮೂರು ವರ್ಷ ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಕೆಲಸ ಹೋಯಿತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಆ 12,500 ವಾಪಸ್ ಬರಲಿಲ್ಲ. ಕೇಳಿದ್ದಕ್ಕೆ, ನಿಮಗೆ ಗುಣವಾಗುವ ಮನಸ್ಸಿಲ್ಲ ಅಂದರು. ಆ ಮಾತು ಈಗಲೂ ಕಿವಿಯಲ್ಲಿದೆ.

ಈಗ ಮಾತ್ರೆ ಮಾತ್ರ. ಫ್ಲೂಯಾಕ್ಸೆಟಿನ್ 20ರಿಂದ ಶುರು ಮಾಡಿ 60 ಮಿಲಿಗ್ರಾಂಗೆ ತಂದರು. ಮೊದಲ ಎಂಟು ವಾರ ಏನೂ ಗೊತ್ತಾಗಲಿಲ್ಲ. ಹತ್ತನೇ ವಾರ ತಲೆಯೊಳಗಿನ ಗದ್ದಲ ಸ್ವಲ್ಪ ತಗ್ಗಿತು. ವೈಬಾಕ್ಸ್ 27 ಇದ್ದದ್ದು ಈಗ 16. ದಿನಕ್ಕೆ ಒಂದು ಗಂಟೆ ಹೋಗುತ್ತದೆ, ಹೋಗಲಿ. ಅಕ್ಕಾ, ಮಾತ್ರೆ ಶುರುವಾಗಿ ಆರೇ ವಾರ ಅಲ್ವಾ? ಒಸಿಡಿಗೆ ಎಂಟರಿಂದ ಹನ್ನೆರಡು ವಾರ ಬೇಕು. ಇನ್ನಷ್ಟು ಕಾಯಿರಿ. ಹುಡುಗಿಯನ್ನು ಅಲ್ಲಿಗೆ ತಳ್ಳಬೇಡಿ.

ಸಿದ್ದಾಪುರ ಕಡೆಯ ತೋಟದವನು

ನಿಮಗೆ ಆಗಿದ್ದಕ್ಕೆ ನನಗೆ ಬೇಜಾರಿದೆ. ಆದರೆ ಅದು ಇಆರ್‌ಪಿ ಅಲ್ಲ. ಒಪ್ಪಿಗೆ ಇಲ್ಲದೆ ಕೈ ಹಿಡಿದು ಮುಟ್ಟಿಸುವುದು ಯಾವ ಚಿಕಿತ್ಸೆಯಲ್ಲೂ ಇಲ್ಲ. ಹಾಳು ಮೇಸ್ತ್ರಿ ಕಟ್ಟಿದ ಗೋಡೆ ಬಿತ್ತು ಅಂತ ಮನೆಯೇ ಕಟ್ಟಬೇಡಿ ಅನ್ನಬಾರದು. 2005ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ಮತ್ತವರ ಜೊತೆಯವರು ಇಆರ್‌ಪಿಯನ್ನೂ ಮಾತ್ರೆಯನ್ನೂ ಹೋಲಿಸಿ ನೋಡಿದ್ದಾರೆ. ಚಿಕಿತ್ಸೆ ಪೂರ್ತಿ ಮುಗಿಸಿದವರಲ್ಲಿ ಇಆರ್‌ಪಿಯಿಂದ ಚೇತರಿಕೆ ಕಂಡವರು ನೂರಕ್ಕೆ 86. ಕ್ಲೋಮಿಪ್ರಮಿನ್ ಮಾತ್ರೆಯಿಂದ 48. ಇದನ್ನು ಮುಚ್ಚಿಟ್ಟು ಆ ತಾಯಿಯನ್ನು ಹೆದರಿಸಬೇಡಿ.

ಸೋಮವಾರಪೇಟೆ

ಪೂರ್ತಿ ಮುಗಿಸಿದವರಲ್ಲಿ! ಆ ಮಾತನ್ನು ನೀವೇ ಇನ್ನೊಂದು ಸಲ ಓದಿಕೊಳ್ಳಿ. ಮಧ್ಯದಲ್ಲಿ ಬಿಟ್ಟವರನ್ನೂ ಸೇರಿಸಿದರೆ ಅದೇ ಅಧ್ಯಯನದಲ್ಲಿ 86 ಅಲ್ಲ, 62. ಬಿಟ್ಟುಹೋದವರು ಲೆಕ್ಕಕ್ಕೆ ಬೇಡವಾ? ನಿಮಗೆ 62 ಸಾವಿರ ಹಾಕಲು ತೋಟ ಇತ್ತು. ನನ್ನಪ್ಪ ತೋಟದಲ್ಲಿ ಕೂಲಿ ಮಾಡಿದವರು.

ಮಡಿಕೇರಿಯಿಂದ

ಆ ಅಧ್ಯಯನದಲ್ಲೇ ಎರಡನ್ನೂ ಸೇರಿಸಿ ಮಾಡಿದವರೂ ಇದ್ದರು. ಮಾತ್ರೆ ಒಂದನ್ನೇ ತೆಗೆದುಕೊಂಡವರಿಗಿಂತ ಅವರು ಚೆನ್ನಾಗೇ ಇದ್ದರು. ನಾನೂ ಸರ್ಟ್ರಲಿನ್ 150 ತೆಗೆದುಕೊಳ್ಳುತ್ತಲೇ ಥೆರಪಿ ಮಾಡಿದೆ. ಮಾತ್ರೆ ಇಲ್ಲದಿದ್ದರೆ ಆ 140 ಹೆಜ್ಜೆ ನಡೆಯಲು ನನ್ನಿಂದ ಆಗುತ್ತಿರಲಿಲ್ಲ. ಎರಡರ ಮಧ್ಯೆ ಜಗಳ ಹಚ್ಚಿ ನಿಮಗಿಬ್ಬರಿಗೂ ಏನು ಸಿಗುತ್ತದೆ?

ನಿವೃತ್ತ ಟೀಚರ್, ಭಾಗಮಂಡಲ ಹತ್ತಿರ

ತೊಳೆಯುವುದು, ಬೀಗ ನೋಡುವುದು ಕಣ್ಣಿಗೆ ಕಾಣುತ್ತದೆ. ನನ್ನದು ಯಾರಿಗೂ ಕಾಣಲಿಲ್ಲ. 26 ವರ್ಷ ಪಾಠ ಮಾಡಿದೆ, ಪಕ್ಕದ ಕುರ್ಚಿಯ ಟೀಚರಿಗೂ ಗೊತ್ತಾಗಲಿಲ್ಲ.

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿದ್ದೆ. ತೀರ್ಥೋದ್ಭವದ ಹೊತ್ತಿನಲ್ಲಿ, ಕಾವೇರಿ ಹುಟ್ಟುವ ಕುಂಡಿಕೆಯ ಮುಂದೆ ಕೈಮುಗಿದು ನಿಂತಿದ್ದಾಗ, ಕಾವೇರಿ ತಾಯಿಯ ಬಗ್ಗೆ ಒಂದು ಹೊಲಸು ಬೈಗುಳ ಮನಸ್ಸಿಗೆ ಬಂತು. ಯಾಕೆ ಬಂತೋ. ಮೈ ತಣ್ಣಗಾಯಿತು. ಅಂದಿನಿಂದ ಆ ಯೋಚನೆ ಬಂದಾಗಲೆಲ್ಲ ಮನಸ್ಸಿನಲ್ಲೇ 21 ಸಲ ಕ್ಷಮೆ ಕೇಳಬೇಕು. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ. ಕ್ಲಾಸಿನಲ್ಲಿ ಮಕ್ಕಳಿಗೆ ಬರೆಯಲು ಕೊಟ್ಟು ನಾನು ಎಣಿಸುತ್ತಾ ನಿಲ್ಲುತ್ತಿದ್ದೆ.

ಇದಕ್ಕೂ ಇಆರ್‌ಪಿ ಇದೆ ಅಂತ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ಆ ಯೋಚನೆಯನ್ನು ಕಾಗದದಲ್ಲಿ ಬರೆದು, ಓದಿ ರೆಕಾರ್ಡ್ ಮಾಡಿ, ದಿನಾ ಅರ್ಧ ಗಂಟೆ ಕೇಳಬೇಕು. ಕ್ಷಮೆ ಕೇಳಬಾರದು. ಮೊದಲ ಥೆರಪಿಸ್ಟ್‌ಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಬರೆಸಿದರು. ಒಂಬತ್ತು ಸೆಷನ್ ಆದರೂ ಏನೂ ಆಗಲಿಲ್ಲ. 13,500 ಹೋಯಿತು. ಇಂಗ್ಲಿಷಿನ ಬೈಗುಳ ನನಗೆ ತಟ್ಟುವುದೇ ಇಲ್ಲ. ಎರಡನೆಯವರು "ಯೋಚನೆ ಯಾವ ಭಾಷೆಯಲ್ಲಿ ಬರುತ್ತದೆ?" ಅಂತ ಕೇಳಿದರು. ನಮ್ಮ ಮನೆಮಾತು ಕೊಡವ ತಕ್ಕ್. ಅದರಲ್ಲೇ ಬರೆದೆ. ಪೆನ್ ಹಿಡಿದ ಕೈ ಹೇಗೆ ನಡುಗಿತು ಅಂದರೆ ಅಕ್ಷರ ನನಗೇ ಓದಲು ಬರಲಿಲ್ಲ. ಆ ದಿನವೇ ನನ್ನ ಚಿಕಿತ್ಸೆ ನಿಜವಾಗಿ ಶುರುವಾಗಿದ್ದು. ಕೊಡಗಿನವರು ಥೆರಪಿಸ್ಟ್ ಹುಡುಕುವಾಗ ಫೀಸಿಗಿಂತ ಮೊದಲು ಭಾಷೆ ಕೇಳಿ.

ಸುಂಟಿಕೊಪ್ಪ

ಟೀಚರ್, ಕಾವೇರಮ್ಮನನ್ನು ಬೈದು ರೆಕಾರ್ಡ್ ಮಾಡಿ ದಿನಾ ಕೇಳುವುದು ಚಿಕಿತ್ಸೆಯಾ? ಮೊದಲು ಒಂದು ಹರಕೆ ಹೇಳಿಕೊಳ್ಳಿ. ನಮ್ಮ ಮನೆಯಲ್ಲೂ ಹೀಗಾಗಿತ್ತು, ಕಣಿ ಕೇಳಿಸಿದ ಮೇಲೆ ಸರಿಯಾಯಿತು. ಮತ್ತೆ ಕೊಡಗಿನ ಭಾಷೆ ಅಂದರೆ ಕೊಡವ ತಕ್ಕ್ ಒಂದೇ ಅಲ್ಲ. ನಮ್ಮದು ಅರೆಭಾಷೆ.

ನಿವೃತ್ತ ಟೀಚರ್, ಭಾಗಮಂಡಲ ಹತ್ತಿರ

ನಮ್ಮ ಮನೆಮಾತು ಅಂತ ಬರೆದಿದ್ದೇನೆ. ಕೊಡಗಿನದ್ದು ಇದೊಂದೇ ಅಂತ ಬರೆದಿಲ್ಲ. ಅರೆಭಾಷೆಯವರು ಅರೆಭಾಷೆಯಲ್ಲೇ ಬರೆಯಲಿ.

ಹರಕೆ ಹೇಳಿದ್ದೇನೆ. ಒಂದಲ್ಲ, ಹದಿನಾಲ್ಕು. ಪ್ರತಿ ಹರಕೆಯೂ ಕ್ಷಮೆ ಕೇಳುವ ಇನ್ನೊಂದು ದಾರಿ ಆಯಿತು, ರೋಗ ಇನ್ನೂ ಬಲಿಯಿತು. ನನ್ನ ಭಕ್ತಿ ಕಡಿಮೆಯಾಗಿಲ್ಲ. ಹೋದ ಸಂಕ್ರಮಣಕ್ಕೂ ಹೋಗಿದ್ದೆ. ಆ ಯೋಚನೆ ಬಂತು, ಬರಲಿ ಅಂತ ಬಿಟ್ಟೆ, ತೀರ್ಥ ತೆಗೆದುಕೊಂಡು ಮನೆಗೆ ಬಂದೆ. ಎಣಿಸಲಿಲ್ಲ. ಎಷ್ಟು ವರ್ಷದ ಮೇಲೆ ದೇವರ ಮುಂದೆ ಸುಮ್ನೆ ನಿಂತೆ ಅಂತ ನಿಮಗೆ ಗೊತ್ತಾಗುವುದಿಲ್ಲ.

ನಾಪೋಕ್ಲು ಕಡೆಯವನು

ಟೀಚರ್ ಬರೆದಿದ್ದನ್ನು ಓದಿ ನನಗೂ ಧೈರ್ಯ ಬಂತು. ನನ್ನದು ಕೋವಿ. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇತ್ತು. ಮಗಳು ಹುಟ್ಟಿದ ವರ್ಷ ಶುರುವಾಯಿತು. ಇದನ್ನು ತೆಗೆದು ಅವಳಿಗೆ ಹೊಡೆದುಬಿಟ್ಟರೆ? ಅವಳಿಗಾಗಿ ಪ್ರಾಣ ಕೊಡುವವನು ನಾನು. ಕೋವಿಯನ್ನು ಚಿಕ್ಕಪ್ಪನ ಮನೆಗೆ ಕಳಿಸಿದೆ. ಕತ್ತಿ ಕಂಡರೆ ಭಯ. ಮಗಳ ಜೊತೆ ಒಬ್ಬನೇ ಇರಲು ಭಯ. ನಾಲ್ಕು ವರ್ಷ, ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬಕ್ಕೆ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ ಹೋಗಲಿಲ್ಲ. ಹುಷಾರಿಲ್ಲ ಅಂತ ಸುಳ್ಳು ಹೇಳಿದೆ.

ಡಾಕ್ಟರ್ ಎರಡು ದಿನ ಕೂರಿಸಿ ಎಲ್ಲ ಕೇಳಿದರು. ಸಿಟ್ಟಿದೆಯಾ, ಆಸೆಯಿದೆಯಾ, ಕುಡಿತ ಇದೆಯಾ ಅಂತ. ಆಮೇಲೆ, ಇದು ಒಸಿಡಿ, ನಿಮಗೆ ಬೇಡದ ಯೋಚನೆ ಆದ್ದರಿಂದಲೇ ಇಷ್ಟು ಕಾಡುತ್ತಿದೆ ಅಂದರು. ಕೋವಿ ಅನ್ನುವ ಪದ ಬರೆಯುವುದರಿಂದ ಶುರು. ಆಮೇಲೆ ಫೋಟೋ. ಆಮೇಲೆ ಮಗಳ ಪಕ್ಕ ಕೂತು ಚಾಕುವಿನಲ್ಲಿ ಕಿತ್ತಳೆ ಹೆಚ್ಚುವುದು. ಅದಕ್ಕೇ ಐದು ವಾರ ಹಿಡಿಯಿತು. ಕೊನೆಗೆ ಹಬ್ಬ. ತೋಕ್ ಪೂ ಅನ್ನುವ ಹೂವು ಸಿಕ್ಕಿಸಿಟ್ಟ ಕೋವಿಗಳ ಮುಂದೆ, ಮಗಳ ಕೈ ಹಿಡಿದುಕೊಂಡು ಪೂಜೆ ಮುಗಿಯುವ ತನಕ ನಿಂತೆ. ಬೆವರಿಗೆ ತೊಟ್ಟಿದ್ದ ಕುಪ್ಯ (ಉದ್ದ ಕೋಟು) ಬೆನ್ನಿಗೆ ಅಂಟಿತ್ತು.

ಸೋಮವಾರಪೇಟೆ

ಇಂಥ ಯೋಚನೆ ಇರುವವರ ಮನೆಯಲ್ಲಿ ಕೋವಿ ಯಾಕೆ? ಠಾಣೆಗೆ ಒಪ್ಪಿಸುವುದು ಸರಿ ಅಲ್ವಾ?

ನಾಪೋಕ್ಲು ಕಡೆಯವನು

ಈ ಮಾತಿಗೆ ಹೆದರಿಯೇ ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ನಿಮ್ಮದೂ ಒಸಿಡಿ. ನೀವೇ ಹೀಗೆ ಹೇಳಿದರೆ ಬೇರೆಯವರು ಏನು ಹೇಳುತ್ತಾರೆ? ಕೋವಿ ಈಗಲೂ ಚಿಕ್ಕಪ್ಪನ ಮನೆಯಲ್ಲೇ ಬೀಗದಲ್ಲಿದೆ. ಅದು ಎಲ್ಲಿರಬೇಕು ಅಂತ ಡಾಕ್ಟರ್ ಮತ್ತು ಮನೆಯವರು ಕೂತು ತೀರ್ಮಾನ ಮಾಡಿದ್ದಾರೆ.

ಸೋಮವಾರಪೇಟೆ

ತಪ್ಪಾಯಿತು. ಕ್ಷಮಿಸಿ.

ವಿರಾಜಪೇಟೆಯ ಅಮ್ಮ

ಗೋಣಿಕೊಪ್ಪದವರೇ, ಈ ಜಗಳದಲ್ಲಿ ನಿಮ್ಮನ್ನು ಎಲ್ಲರೂ ಮರೆತರು. ನನ್ನ ಮಗನಿಗೂ ನಿಮ್ಮ ಮಗಳ ವಯಸ್ಸೇ ಇತ್ತು.

ನನಗೆ ಜಾಸ್ತಿ ನೋವು ಕೊಟ್ಟ ವಿಷಯ ಹೇಳುತ್ತೇನೆ. ಥೆರಪಿಸ್ಟ್ ಮೊದಲ ದಿನ ಮಗನನ್ನು ಬಿಟ್ಟು ನನ್ನನ್ನು ಪ್ರಶ್ನೆ ಕೇಳಿದರು. ಅವನಿಗೋಸ್ಕರ ನೀವು ಏನೇನು ಮಾಡುತ್ತೀರಿ ಅಂತ. ಹೇಳುತ್ತಾ ಹೋದೆ. ತಿಂಗಳಿಗೆ 31 ಸೋಪು. ಅವನು ಕೈ ತೊಳೆಯುವಾಗ ನಲ್ಲಿ ತಿರುಗಿಸುವುದು ನಾನು. ಟವೆಲ್ ದಿನಕ್ಕೆ ಆರು. "ಅಮ್ಮ, ಇದು ಕ್ಲೀನ್ ಇದೆಯಾ?" ಅಂತ ದಿನಕ್ಕೆ ಅರವತ್ತು ಸಲ ಕೇಳುತ್ತಿದ್ದ. ಅರವತ್ತು ಸಲವೂ ಇದೆ ಕಂದಾ ಅನ್ನುತ್ತಿದ್ದೆ. ಅವರು ಮೆತ್ತಗೆ ಹೇಳಿದರು, ನೀವು ಸಮಾಧಾನ ಮಾಡುತ್ತಿರುವುದು ಮಗನನ್ನಲ್ಲ, ರೋಗವನ್ನು ಅಂತ. ಮನೆಗೆ ಬರುವ ತನಕ ಬಸ್ಸಿನಲ್ಲಿ ಅತ್ತೆ.

ಒಂದೇ ಸಲ ಎಲ್ಲ ನಿಲ್ಲಿಸಲಿಲ್ಲ. ಮಗನ ಜೊತೆ ಕೂತು, ಅವನು ಒಪ್ಪಿದ್ದನ್ನು ಮಾತ್ರ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಮೊದಲ ವಾರ ನಲ್ಲಿ ಒಂದೇ. ಕ್ಲೀನ್ ಇದೆಯಾ ಅಂದರೆ "ಇರಬಹುದು, ಇಲ್ಲದೇ ಇರಬಹುದು" ಅನ್ನಬೇಕಿತ್ತು. ಮೊದಲ ಸಲ ಹಾಗೆ ಅಂದಾಗ ತಟ್ಟೆ ಎಸೆದ. ಅತ್ತೆಯವರು, ಮಗು ಮಡಿಯಲ್ಲಿ ಇರುತ್ತಾನೆ, ನಿನಗೇನು ಕಷ್ಟ ಅಂತ ನನ್ನ ಜೊತೆ ಹದಿನೆಂಟು ದಿನ ಮಾತು ಬಿಟ್ಟರು. ಇದು ಮಡಿ ಅಲ್ಲ ಅಂತ ಅವರಿಗೆ ಅರ್ಥ ಮಾಡಿಸಲು ಥೆರಪಿಗಿಂತ ಜಾಸ್ತಿ ಕಷ್ಟವಾಯಿತು.

ಮೈಸೂರು, ವಾರಕ್ಕೊಂದು ಸಲ, 19 ಸೆಷನ್. ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಸೀಟು ಒರೆಸದೆ ಕೂರುವುದೂ ಅವನ ಪಟ್ಟಿಯಲ್ಲಿತ್ತು, ಹಾಗಾಗಿ ಬಸ್ಸಿನ ದುಡ್ಡು ನಷ್ಟ ಅನ್ನಿಸಲಿಲ್ಲ. ನಡುವೆ ಎರಡು ಸಲ ಬಿಟ್ಟ, ಎರಡು ಸಲ ವಾಪಸ್ ಬಂದ. ಈಗ ಸ್ನಾನ 25 ನಿಮಿಷ. ದುಡ್ಡಿನ ಕಷ್ಟ ಇದ್ದರೆ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ, ವಿಚಾರಿಸಿ. ರಾತ್ರಿ ತಡೆಯಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನೇ ಎರಡು ಸಲ ಮಾಡಿದ್ದೇನೆ.

ಗೋಣಿಕೊಪ್ಪದ ತಾಯಿ

ಎಲ್ಲರದ್ದೂ ಓದಿದೆ. ಮಗಳಿಗೂ ಬಾಗಿಲ ಹೊರಗೆ ನಿಂತು ಓದಿ ಹೇಳಿದೆ. ಸೋಮವಾರಪೇಟೆಯವರದ್ದನ್ನು ಎರಡು ಸಲ ಓದಿಸಿದಳು. ಆಮೇಲೆ ಒಳಗಿನಿಂದಲೇ, "ಪಟ್ಟಿ ನಾನೇ ಬರೆಯಬಹುದಾ, ಬೇಡ ಅಂದರೆ ನಿಲ್ಲಿಸುತ್ತಾರಾ ಅಂತ ಮೊದಲು ಕೇಳು" ಅಂದಳು. ಸೋಮವಾರ ಫೋನ್ ಮಾಡಿ ಅದನ್ನೇ ಕೇಳುತ್ತೇನೆ. ವಿರಾಜಪೇಟೆಯವರೇ, ಫ್ರಿಜ್ಜಿಗೆ ಅಂಟಿಸಿದ ಆ ಕಾಗದದ ಫೋಟೋ ಕಳಿಸುತ್ತೀರಾ? ನಮ್ಮ ಮನೆಯಲ್ಲೂ ನಲ್ಲಿ ತಿರುಗಿಸುವುದು ನಾನೇ.

ವಿರಾಜಪೇಟೆಯ ಅಮ್ಮ

ಮೊದಲ ವಾರದ್ದು ಮಾತ್ರ ಕಳಿಸುತ್ತೇನೆ. ಎರಡನೇ ವಾರದ್ದು ನಿಮ್ಮ ಮಗಳೇ ಬರೆಯಲಿ.